ವೇಗದ ಗುರು ಫ್ಯಾಂಜಿಯೊ: ಗ್ಯಾರೇಜಿನಿಂದ ವಿಶ್ವಕಿರೀಟದವರೆಗೆ

ಕಾರು ಪಂದ್ಯ ಯುವಕರ ಆಟ ಎಂಬುದು ಎಲ್ಲರ ನಂಬಿಕೆ. ಇಪ್ಪತ್ತು ತುಂಬುವ ಮೊದಲೇ ಫಾರ್ಮುಲಾ ಒನ್ ಕಾರು ಏರುವವರು ಇಂದು ಇದ್ದಾರೆ. ಆದರೆ ಈ ಕ್ರೀಡೆಯ ಮೊದಲ ದಶಕವನ್ನು ಆಳಿದ ಅರ್ಜೆಂಟೀನಾದ ಹುವಾನ್ ಮ್ಯಾನ್ಯುಯೆಲ್ ಫ್ಯಾಂಜಿಯೊ ಪ್ರಥಮ ಬಾರಿಗೆ ವಿಶ್ವ ಚಾಂಪಿಯನ್ ಆದಾಗ ಅವರಿಗೆ 40 ವರ್ಷ ವಯಸ್ಸಾಗಿತ್ತು. ಐದನೆಯ ಬಾರಿ ಆ ಕಿರೀಟ ಧರಿಸಿದಾಗ 46. ಅಷ್ಟು ಹಿರಿಯ ವಯಸ್ಸಿನಲ್ಲಿ ಆ ಪಟ್ಟವೇರಿದವರು ಮತ್ತೊಬ್ಬರಿಲ್ಲ.

ಅದು ಸೀಟ್ ಬೆಲ್ಟ್ ಇಲ್ಲದ ಕಾಲ. ಪಂದ್ಯದ ದಾರಿಯ ಅಂಚಿನಲ್ಲಿ ಮರಗಳು, ಹಳ್ಳಗಳು, ಹುಲ್ಲಿನ ಪಿಂಡಿಗಳು. ಪ್ರತಿ ವರ್ಷ ಕೆಲವು ಚಾಲಕರು ಮನೆಗೆ ಮರಳುತ್ತಿರಲಿಲ್ಲ. ಅಂಥ ಕಾಲದಲ್ಲಿ 51 ವಿಶ್ವ ಚಾಂಪಿಯನ್‌ಷಿಪ್ ಪಂದ್ಯಗಳಲ್ಲಿ ಓಡಿ 24ರಲ್ಲಿ ಗೆದ್ದ ಫ್ಯಾಂಜಿಯೊ, 84 ವರ್ಷಗಳ ತುಂಬು ಬಾಳು ಬಾಳಿದರು. ಅದೃಷ್ಟದ ಪಾಲು ಅದರಲ್ಲಿ ಇಲ್ಲದಿರಲಿಲ್ಲ. ಆದರೆ ಅದೃಷ್ಟಕ್ಕಿಂತ ದೊಡ್ಡದು ಅವರು ಗ್ಯಾರೇಜಿನಲ್ಲಿ ಕಲಿತ ಪಾಠ.

ಆಲೂಗಡ್ಡೆ ಸೀಮೆಯ ಹುಡುಗ

ಫ್ಯಾಂಜಿಯೊ ಹುಟ್ಟಿದ್ದು 1911ರ ಜೂನ್ 24ರಂದು, ಬ್ಯೂನಸ್ ಐರಿಸ್ ನಗರದಿಂದ ಸುಮಾರು 400 ಕಿ.ಮೀ. ದಕ್ಷಿಣಕ್ಕಿರುವ ಬಾಲ್ಕಾರ್ಸೆ ಎಂಬ ಪಟ್ಟಣದಲ್ಲಿ. ನಮ್ಮ ಹಾಸನದ ಸೀಮೆಯಂತೆ ಅದೂ ಆಲೂಗಡ್ಡೆಗೆ ಹೆಸರಾದ ನೆಲ. ತಂದೆ ಲೊರೆಟೊ, ತಾಯಿ ಹರ್ಮಿನಿಯಾ ಇಬ್ಬರೂ ಇಟಲಿ ಮೂಲದವರು. ಆರು ಮಕ್ಕಳಲ್ಲಿ ಹುವಾನ್ ನಾಲ್ಕನೆಯವರು.

ಶಾಲೆಯನ್ನು ಬೇಗನೆ ಬಿಟ್ಟ ಬಾಲಕ ಗ್ಯಾರೇಜು ಸೇರಿದ. ಬಳ್ಳಾರಿ, ಸಿರುಗುಪ್ಪಗಳ ರಸ್ತೆಬದಿಯ ಲಾರಿ ಗ್ಯಾರೇಜುಗಳಲ್ಲಿ ಸ್ಪ್ಯಾನರ್ ಕೊಡುತ್ತಾ ಕೆಲಸ ಕಲಿಯುವ ಹುಡುಗರನ್ನು ಕಂಡವರಿಗೆ ಆ ಬಾಲ್ಯವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಎಂಜಿನ್ನಿನ ಸದ್ದು ಕೇಳಿಯೇ ಅದರ ನೋವೇನೆಂದು ಹೇಳುವ ವಿದ್ಯೆ ಆತನಿಗೆ ಒಲಿದದ್ದು ಅಲ್ಲಿಯೇ. ಫುಟ್‌ಬಾಲ್ ಮೈದಾನದಲ್ಲಿ ಆತನ ಬಾಗಿದ ಕಾಲುಗಳನ್ನು ಕಂಡು ಗೆಳೆಯರು ಇಟ್ಟ 'ಚುವೇಕೊ', ಅಂದರೆ ಸೊಟ್ಟಕಾಲಿನವನು ಎಂಬ ಅಡ್ಡಹೆಸರು ಜೀವನದುದ್ದಕ್ಕೂ ಉಳಿಯಿತು.

ಮಿಲಿಟರಿ ಸೇವೆ ಮುಗಿಸಿ ಬಂದು ಫ್ಯಾಂಜಿಯೊ ಸ್ವಂತ ಗ್ಯಾರೇಜು ತೆರೆದರು. 1936ರಲ್ಲಿ ಮೊದಲ ಪಂದ್ಯಕ್ಕೆ ಇಳಿದದ್ದು ಟ್ಯಾಕ್ಸಿಯಾಗಿ ಓಡುತ್ತಿದ್ದ ಹಳೆಯ ಫೋರ್ಡ್ ಕಾರಿನಲ್ಲಿ. ಅದೂ ಬೇರೊಂದು ಹೆಸರಿನಲ್ಲಿ. ಮುಂದೆ ಊರಿನವರೇ ಹಣ ಕೂಡಿಸಿ ಅವರಿಗೆ ಷೆವ್ರೊಲೆ ಕಾರು ಕೊಡಿಸಿದರು. ಒಬ್ಬ ಮೆಕ್ಯಾನಿಕ್‌ನ ಮೇಲೆ ಇಡೀ ಪಟ್ಟಣ ಇಟ್ಟ ವಿಶ್ವಾಸ ಅದು.

ಆ ವಿಶ್ವಾಸ ಹುಸಿಯಾಗಲಿಲ್ಲ. 1940ರಲ್ಲಿ ಬ್ಯೂನಸ್ ಐರಿಸ್‌ನಿಂದ ಪೆರು ದೇಶದ ಲಿಮಾಕ್ಕೆ ಹೋಗಿ ಮರಳುವ ಸುಮಾರು 9,500 ಕಿ.ಮೀ. ಉದ್ದದ ಪಂದ್ಯವನ್ನು ಫ್ಯಾಂಜಿಯೊ ಗೆದ್ದರು. ಕಾಶ್ಮೀರದಿಂದ ಕನ್ಯಾಕುಮಾರಿಗೆ ಹೋಗಿ ಹಿಂದಿರುಗಿದರೂ ಅಷ್ಟು ದೂರವಾಗದು. ದಾರಿ ಬಹುಪಾಲು ಮಣ್ಣು, ಕಲ್ಲು, ಆಂಡಿಸ್ ಪರ್ವತದ ಕಣಿವೆಗಳು. ಹಗಲು ಓಡಿಸಿ ಕೆಡಿಸಿದ್ದನ್ನು ತಾನೇ ದುರಸ್ತಿ ಮಾಡಿಕೊಳ್ಳಬೇಕು. ಆದ್ದರಿಂದ ಕಾರನ್ನು ಕೆಡಿಸದೆ ಓಡಿಸುವುದೇ ಅಲ್ಲಿ ಜಾಣತನ. ಆ ವರ್ಷ ಮತ್ತು ಮರುವರ್ಷ ಅವರು ರಾಷ್ಟ್ರೀಯ ಚಾಂಪಿಯನ್ ಆದರು. ಅಷ್ಟರಲ್ಲಿ ಮಹಾಯುದ್ಧದ ಕಾರಣ ಪಂದ್ಯಗಳೇ ನಿಂತುಹೋದವು. ಚಾಲಕನೊಬ್ಬನ ಉತ್ತಮ ವರ್ಷಗಳೆನ್ನುವ ಮೂವತ್ತರ ಹರೆಯ ಲಾರಿ, ಟೈರುಗಳ ವ್ಯಾಪಾರದಲ್ಲಿ ಕಳೆಯಿತು.

ಆರದ ಗಾಯ

1948ರಲ್ಲಿ ಬ್ಯೂನಸ್ ಐರಿಸ್‌ನಿಂದ ವೆನೆಜುವೆಲಾದ ಕ್ಯಾರಕಾಸ್‌ವರೆಗಿನ ಪಂದ್ಯದಲ್ಲಿ ಅನಾಹುತ ಕಾದಿತ್ತು. ಪೆರುವಿನಲ್ಲಿ ಮಂಜು ಮುಸುಕಿದ ಇರುಳು ತಿರುವೊಂದರಲ್ಲಿ ಕಾರು ಹಿಡಿತ ತಪ್ಪಿ ಇಳಿಜಾರಿಗೆ ಉರುಳಿತು. ಪಕ್ಕದಲ್ಲಿದ್ದ ಸಹಚಾಲಕ, ಆಪ್ತಗೆಳೆಯ ಡೇನಿಯಲ್ ಉರುಟಿಯಾ ಅಸುನೀಗಿದರು. ಫ್ಯಾಂಜಿಯೊ ಬದುಕಿ ಉಳಿದರು. ಪಂದ್ಯಕ್ಕೆ ವಿದಾಯ ಹೇಳುವ ಯೋಚನೆ ಅವರನ್ನು ಆಗ ಕಾಡಿತು.

ಆದರೂ 1949ರಲ್ಲಿ ಅರ್ಜೆಂಟೀನಾದ ಆಟೊಮೊಬೈಲ್ ಕ್ಲಬ್ಬಿನ ಬೆಂಬಲದೊಂದಿಗೆ ಯೂರೋಪಿಗೆ ತೆರಳಿದರು. ವಯಸ್ಸು 38. ಅಲ್ಲಿ ಸಾಲುಸಾಲು ಗೆಲುವು ಗಳಿಸಿದರು. ಮರುವರ್ಷ ವಿಶ್ವ ಚಾಂಪಿಯನ್‌ಷಿಪ್ ಆರಂಭವಾದಾಗ ಆಲ್ಫಾ ರೋಮಿಯೊ ತಂಡದಲ್ಲಿ ಅವರಿಗೆ ಸ್ಥಾನ ಸಿದ್ಧವಿತ್ತು. 1951ರಲ್ಲಿ ಪ್ರಥಮ ವಿಶ್ವಕಿರೀಟ ದಕ್ಕಿತು.

ಅವರ ಕಣ್ಣಿನ ಸೂಕ್ಷ್ಮತೆಗೆ 1950ರ ಮೊನಾಕೊ ಪಂದ್ಯ ಸಾಕ್ಷಿ. ಮೊದಲ ಸುತ್ತಿನಲ್ಲೇ ಅವರ ಹಿಂದಿದ್ದ ಹಲವು ಕಾರುಗಳು ತಿರುವೊಂದರಲ್ಲಿ ಒಂದಕ್ಕೊಂದು ಬಡಿದು ದಾರಿ ಮುಚ್ಚಿದ್ದವು. ಮುಂಚೂಣಿಯಲ್ಲಿದ್ದ ಫ್ಯಾಂಜಿಯೊಗೆ ಇದು ತಿಳಿಯದು. ಎರಡನೆಯ ಸುತ್ತಿನಲ್ಲಿ ಅಲ್ಲಿಗೆ ಸಮೀಪಿಸಿದಾಗ ಪ್ರೇಕ್ಷಕರು ತನ್ನತ್ತ ನೋಡದೆ ಮುಖ ತಿರುಗಿಸಿರುವುದು ಅವರ ಗಮನಕ್ಕೆ ಬಂತು. ಮೊದಲಿಗನಾಗಿ ಬರುವ ಕಾರನ್ನು ಬಿಟ್ಟು ಜನ ಬೇರೇನನ್ನೋ ನೋಡುತ್ತಿದ್ದಾರೆಂದರೆ ಮುಂದೆ ಆಪತ್ತಿದೆ ಎಂದು ಗ್ರಹಿಸಿ ಬ್ರೇಕ್ ಒತ್ತಿದರು. ನಜ್ಜುಗುಜ್ಜಾದ ಕಾರುಗಳ ನಡುವೆ ಮೆಲ್ಲನೆ ದಾರಿ ಮಾಡಿಕೊಂಡು ಹೋಗಿ ಪಂದ್ಯ ಗೆದ್ದರು.

ಅಂಥ ಎಚ್ಚರಿಕೆಯ ಮನುಷ್ಯನೂ ಒಮ್ಮೆ ಎಡವಿದ್ದುಂಟು. 1952ರ ಜೂನ್‌ನಲ್ಲಿ ಉತ್ತರ ಐರ್ಲೆಂಡಿನಲ್ಲಿ ಓಡಿದ ಮರುದಿನವೇ ಇಟಲಿಯ ಮೊಂಜಾದಲ್ಲಿ ಪಂದ್ಯವಿತ್ತು. ವಿಮಾನ ಕೈತಪ್ಪಿತು. ಪ್ಯಾರಿಸ್‌ನಿಂದ ರಾತ್ರಿಯಿಡೀ ಆಲ್ಪ್ಸ್ ಪರ್ವತದ ದಾರಿಯಲ್ಲಿ ಕಾರು ಓಡಿಸಿಕೊಂಡು, ಪಂದ್ಯಕ್ಕೆ ಅರ್ಧ ಗಂಟೆ ಇರುವಾಗ ಮೊಂಜಾ ತಲುಪಿದರು. ನಿದ್ದೆಯಿಲ್ಲದ ಕಣ್ಣಿನಲ್ಲೇ ಕಾರು ಏರಿದರು. ಎರಡನೆಯ ಸುತ್ತಿನಲ್ಲಿ ಕಾರು ಪಲ್ಟಿಯಾಗಿ ಕತ್ತಿನ ಮೂಳೆ ಮುರಿಯಿತು. ಚಾಲಕರಿಗೆ ಗಟ್ಟಿ ಶಿರಸ್ತ್ರಾಣ ಕಡ್ಡಾಯವಾದದ್ದು ಆ ವರ್ಷವೇ, ಜೀವ ಉಳಿಯಿತು. ಉಳಿದ ವರ್ಷವೆಲ್ಲ ಚಿಕಿತ್ಸೆ, ವಿಶ್ರಾಂತಿಯಲ್ಲಿ ಕಳೆಯಿತು. ದಣಿವು ಮನುಷ್ಯನ ಮಿತಿಯನ್ನು ಕುಗ್ಗಿಸುತ್ತದೆ ಎಂಬ ಆ ಪಾಠವನ್ನು ಅವರು ಮತ್ತೆ ಮರೆಯಲಿಲ್ಲ.

ನಾಲ್ಕು ಕಾರು, ಐದು ಕಿರೀಟ

ಚೇತರಿಸಿಕೊಂಡ ಫ್ಯಾಂಜಿಯೊ 1954ರಿಂದ 1957ರವರೆಗೆ ಸತತ ನಾಲ್ಕು ವರ್ಷ ಚಾಂಪಿಯನ್ ಆದರು. ಆಲ್ಫಾ ರೋಮಿಯೊ, ಮಾಸೆರಾಟಿ, ಮರ್ಸಿಡಿಸ್, ಫೆರಾರಿ ಹೀಗೆ ನಾಲ್ಕು ಸಂಸ್ಥೆಗಳ ಕಾರುಗಳಲ್ಲಿ ಚಾಂಪಿಯನ್ ಪಟ್ಟ ಗಳಿಸಿದ ದಾಖಲೆ ಅವರದೊಬ್ಬರದೇ. ಯಾವ ತಂಡಕ್ಕೆ ಹೋದರೂ ಅಲ್ಲಿನ ಮೆಕ್ಯಾನಿಕ್‌ಗಳನ್ನು ತನ್ನವರನ್ನಾಗಿ ಮಾಡಿಕೊಳ್ಳುತ್ತಿದ್ದರು. ಸ್ವತಃ ಗ್ರೀಸು ಮೆತ್ತಿಕೊಂಡು ಬೆಳೆದವರಿಗೆ ಆ ಕೈಗಳ ಬೆಲೆ ತಿಳಿದಿತ್ತು.

1955ರ ಜೂನ್ 11ರಂದು ಫ್ರಾನ್ಸಿನ ಲೆ ಮಾನ್‌ನಲ್ಲಿ ಪಂದ್ಯಗಳ ಚರಿತ್ರೆಯಲ್ಲೇ ಘೋರವಾದ ದುರಂತ ನಡೆಯಿತು. ಫ್ಯಾಂಜಿಯೊ ಅವರ ಮುಂದಿದ್ದ ಪಿಯೆರ್ ಲೆವೆಗ್ ಅವರ ಮರ್ಸಿಡಿಸ್ ಇನ್ನೊಂದು ಕಾರಿಗೆ ಬಡಿದು ಜನಸಂದಣಿಗೆ ನುಗ್ಗಿತು. ಲೆವೆಗ್ ಮತ್ತು 80ಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಫ್ಯಾಂಜಿಯೊ ಕೂದಲೆಳೆಯಲ್ಲಿ ಪಾರಾದರು. ಕೊನೆಯ ಗಳಿಗೆಯಲ್ಲಿ ಕೈಯೆತ್ತಿ ತಮ್ಮನ್ನು ಎಚ್ಚರಿಸಿದವರು ಲೆವೆಗ್ ಎಂದು ಅವರು ನಂಬಿದ್ದರು. ಆ ವರ್ಷಾಂತ್ಯಕ್ಕೆ ಮರ್ಸಿಡಿಸ್ ಪಂದ್ಯಗಳಿಂದಲೇ ಹಿಂದೆ ಸರಿಯಿತು.

1956ರಲ್ಲಿ ಫೆರಾರಿಯ ಸಹಚಾಲಕ ಪೀಟರ್ ಕಾಲಿನ್ಸ್ ತೋರಿದ ಔದಾರ್ಯ ಇಂದಿನ ಕ್ರೀಡಾಲೋಕಕ್ಕೆ ಕತೆಯಂತೆ ಕಂಡೀತು. ಕೊನೆಯ ಪಂದ್ಯದಲ್ಲಿ ಫ್ಯಾಂಜಿಯೊ ಅವರ ಕಾರು ಕೈಕೊಟ್ಟಿತು. ಅಂದು 24ರ ಹರೆಯದ ಕಾಲಿನ್ಸ್‌ಗೂ ಪ್ರಶಸ್ತಿಯ ಅವಕಾಶವಿತ್ತು. ಆದರೂ ತಮ್ಮ ಕಾರನ್ನೇ ಹಿರಿಯನಿಗೆ ಬಿಟ್ಟುಕೊಟ್ಟರು. ಅಂದಿನ ನಿಯಮ ಅದಕ್ಕೆ ಅವಕಾಶ ನೀಡುತ್ತಿತ್ತು.

ಮರುವರ್ಷ, 1957ರ ಆಗಸ್ಟ್ 4ರಂದು ಜರ್ಮನಿಯ ನೂರ್‌ಬರ್ಗ್‌ರಿಂಗ್‌ನಲ್ಲಿ ಫ್ಯಾಂಜಿಯೊ ಅವರ ಅತ್ಯುತ್ತಮ ಓಟವನ್ನು ಜಗತ್ತು ಕಂಡಿತು. ಅಲ್ಲಿ ಒಂದು ಸುತ್ತೆಂದರೆ ಸುಮಾರು 22.8 ಕಿ.ಮೀ.; ಬಳ್ಳಾರಿಯಿಂದ ಸಂಗನಕಲ್ಲಿಗೆ ಹೋಗಿ ಬಂದರೂ ಅಷ್ಟಾಗದು. ಅಂಥ 22 ಸುತ್ತು. ಅರ್ಧ ಟ್ಯಾಂಕ್ ಇಂಧನದೊಂದಿಗೆ ಹಗುರಾಗಿ ಹೊರಟು, ನಡುವೆ ನಿಂತು ಇಂಧನ ತುಂಬಿ ಟೈರು ಬದಲಿಸುವುದು ಅವರ ಲೆಕ್ಕಾಚಾರ. ಆದರೆ ಆ ಕೆಲಸ ಎಣಿಸಿದ್ದಕ್ಕಿಂತ ತಡವಾಯಿತು. ಮತ್ತೆ ದಾರಿಗಿಳಿದಾಗ ಫೆರಾರಿಯ ಮೈಕ್ ಹಾಥಾರ್ನ್ ಮತ್ತು ಕಾಲಿನ್ಸ್ ಸುಮಾರು ಮುಕ್ಕಾಲು ನಿಮಿಷ ಮುಂದಿದ್ದರು. ಅಲ್ಲಿಂದ ಫ್ಯಾಂಜಿಯೊ ಸುತ್ತಿನ ದಾಖಲೆಯನ್ನು ಮೇಲಿಂದ ಮೇಲೆ ಮುರಿದರು. ಕೊನೆಗೆ 9 ನಿಮಿಷ 17.4 ಸೆಕೆಂಡುಗಳಲ್ಲಿ ಸುತ್ತು ಮುಗಿಸಿದರು. ತಾವೇ ಅರ್ಹತಾ ಸುತ್ತಿನಲ್ಲಿ ತೋರಿದ್ದ ವೇಗಕ್ಕಿಂತ ಅದು 8 ಸೆಕೆಂಡಿಗೂ ಹೆಚ್ಚು ಚುರುಕು. 21ನೆಯ ಸುತ್ತಿನಲ್ಲಿ ಇಬ್ಬರನ್ನೂ ಹಿಂದಿಕ್ಕಿ, ನಾಲ್ಕು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಗೆದ್ದು ಐದನೆಯ ಕಿರೀಟ ಧರಿಸಿದರು. ಅಂದು ತಾವು ಮಿತಿ ಮೀರಿದ್ದನ್ನು, ಮತ್ತೆಂದೂ ಹಾಗೆ ಓಡಿಸಲಾರೆನೆಂಬುದನ್ನು ಅವರು ಮುಚ್ಚಿಡಲಿಲ್ಲ. ಅದೇ ಅವರ ಕೊನೆಯ ವಿಶ್ವ ಚಾಂಪಿಯನ್‌ಷಿಪ್ ಗೆಲುವೂ ಆಯಿತು.

ಸಮಯಕ್ಕೆ ನಿಲ್ಲಿಸಿದ ಓಟ

1958ರ ಫೆಬ್ರುವರಿಯಲ್ಲಿ ಕ್ಯೂಬಾದ ಹವಾನಾದಲ್ಲಿ ಫಿಡೆಲ್ ಕ್ಯಾಸ್ಟ್ರೊ ಅವರ ಕ್ರಾಂತಿಕಾರಿಗಳು ಫ್ಯಾಂಜಿಯೊ ಅವರನ್ನು ಹೋಟೆಲಿನಿಂದಲೇ ಅಪಹರಿಸಿದರು. ಬಟಿಸ್ಟಾ ಸರ್ಕಾರದ ಮಾನ ಕಳೆಯುವುದು ಅವರ ಉದ್ದೇಶವಾಗಿತ್ತು. ಪಂದ್ಯ ಮುಗಿದ ಮೇಲೆ ಸುರಕ್ಷಿತವಾಗಿ ಬಿಡುಗಡೆ ಮಾಡಿದರು. ಅವರಿಲ್ಲದೆ ನಡೆದ ಆ ಪಂದ್ಯದಲ್ಲಿ ಕಾರೊಂದು ಜನರ ಮೇಲೆ ಹರಿದು ಹಲವರು ಸತ್ತರು. ತಮ್ಮನ್ನು ಚೆನ್ನಾಗಿ ನೋಡಿಕೊಂಡ ಅಪಹರಣಕಾರರ ಬಗ್ಗೆ ಫ್ಯಾಂಜಿಯೊ ಕೆಡುಕು ಮಾತಾಡಲಿಲ್ಲ.

ಅದೇ ವರ್ಷದ ಜುಲೈ 6ರಂದು ಫ್ರಾನ್ಸಿನ ರೀಮ್ಸ್‌ನಲ್ಲಿ ಅವರ ಕಡೆಯ ಓಟ. ನಾಲ್ಕನೆಯ ಸ್ಥಾನ. ಇಟಲಿಯ ಲುಯಿಜಿ ಮುಸ್ಸೊ ಆ ಪಂದ್ಯದಲ್ಲೇ ಪ್ರಾಣ ಕಳೆದುಕೊಂಡರು. ಮರುತಿಂಗಳು ಕಾಲಿನ್ಸ್ ನೂರ್‌ಬರ್ಗ್‌ರಿಂಗ್‌ನಲ್ಲಿ ಮಡಿದರು. ಮುಂದಿನ ಜನವರಿಯಲ್ಲಿ ಹಾಥಾರ್ನ್ ರಸ್ತೆ ಅಪಘಾತಕ್ಕೆ ಬಲಿಯಾದರು. ನೂರ್‌ಬರ್ಗ್‌ರಿಂಗ್‌ನಲ್ಲಿ ಫ್ಯಾಂಜಿಯೊ ಹಿಂದಿಕ್ಕಿದ್ದ ಆ ಇಬ್ಬರೂ ಒಂದೂವರೆ ವರ್ಷದೊಳಗೆ ಇಲ್ಲವಾಗಿದ್ದರು.

ನಿವೃತ್ತರಾದ ಫ್ಯಾಂಜಿಯೊ ಮರ್ಸಿಡಿಸ್ ಕಾರುಗಳ ವಹಿವಾಟಿನಲ್ಲಿ ತೊಡಗಿದರು. 1986ರಲ್ಲಿ ಬಾಲ್ಕಾರ್ಸೆಯಲ್ಲಿ ಅವರ ಹೆಸರಿನ ಮ್ಯೂಸಿಯಂ ತೆರೆಯಿತು. 1995ರ ಜುಲೈ 17ರಂದು ಬ್ಯೂನಸ್ ಐರಿಸ್‌ನಲ್ಲಿ ನಿಧನರಾದ ಅವರನ್ನು ಹುಟ್ಟೂರಿನಲ್ಲೇ ಮಣ್ಣು ಮಾಡಲಾಯಿತು. ಅವರು ಮದುವೆಯಾಗಿರಲಿಲ್ಲ. ಬದುಕಿದ್ದಾಗ ಮಕ್ಕಳೆಂದು ಯಾರನ್ನೂ ಕಾನೂನಿನಂತೆ ಒಪ್ಪಿಕೊಂಡಿರಲಿಲ್ಲ. 2015ರಲ್ಲಿ ನ್ಯಾಯಾಲಯದ ಆದೇಶದಂತೆ ಸಮಾಧಿ ತೆರೆದು ನಡೆಸಿದ ಡಿಎನ್‌ಎ ಪರೀಕ್ಷೆಯ ನಂತರವೇ ಅವರ ಮಕ್ಕಳಿಗೆ ತಂದೆಯ ಹೆಸರು ದಕ್ಕಿತು. ದಾರಿಯ ಪ್ರತಿ ತಿರುವನ್ನೂ ಅಳೆದು ನೋಡಿದ ವ್ಯಕ್ತಿಯ ಬಾಳಿನಲ್ಲಿ ಉಳಿದುಹೋದ ಬಾಕಿ ಅದು.

ಐದು ಕಿರೀಟಗಳ ಅವರ ದಾಖಲೆಯನ್ನು ಮೈಕೆಲ್ ಷೂಮಾಕರ್ ಮುರಿದದ್ದು 2003ರಲ್ಲಿ, 46 ವರ್ಷಗಳ ತರುವಾಯ. ಫ್ಯಾಂಜಿಯೊ 1954ರಲ್ಲಿ ಓಡಿಸಿದ್ದ ಮರ್ಸಿಡಿಸ್ ಕಾರೊಂದು 2013ರ ಹರಾಜಿನಲ್ಲಿ 1 ಕೋಟಿ 96 ಲಕ್ಷ ಪೌಂಡಿಗೆ ಮಾರಾಟವಾಯಿತು. ಓಡಿದ ಪಂದ್ಯಗಳಲ್ಲಿ ಸರಿಸುಮಾರು ಅರ್ಧವನ್ನು ಗೆದ್ದ ಅವರ ಸರಾಸರಿಯನ್ನು ಮಾತ್ರ ನಂತರದ ಯಾವ ಚಾಂಪಿಯನ್ನನೂ ಮುಟ್ಟಿಲ್ಲ. ಯಂತ್ರಕ್ಕೂ ಮನುಷ್ಯನಿಗೂ ಒಂದು ಮಿತಿಯಿದೆ, ಅದನ್ನು ಅರಿತವನೇ ಗುರಿ ಮುಟ್ಟುತ್ತಾನೆ ಎಂಬುದನ್ನು ಬಾಲ್ಕಾರ್ಸೆಯ ಆ ಮೆಕ್ಯಾನಿಕ್ ಗೆಲುವಿನಿಂದಲೂ ಕಲಿಸಿದರು, ಸರಿಯಾದ ಹೊತ್ತಿಗೆ ಕಾರಿನಿಂದ ಕೆಳಗಿಳಿದೂ ಕಲಿಸಿದರು.