ನೀರಿಗಿಳಿದ ವಿಮಾನ: ದೆ ಪಿನೆದೊ ಹಾರಾಟಕ್ಕೆ ನೂರು ವರ್ಷ

ಮಕ್ಕಳೇ, ಬೆಂಗಳೂರಿನಿಂದ ಸಿಡ್ನಿಗೆ ಈಗ ನೇರ ವಿಮಾನವಿದೆ. ಎರಡು ಊಟ, ಒಂದೆರಡು ಸಿನಿಮಾ, ಒಂದು ನಿದ್ದೆ ಮುಗಿಯುವಷ್ಟರಲ್ಲಿ ಅಜ್ಜಿ ಮನೆಯಿಂದ ನಿಮ್ಮ ಮನೆಗೆ ಬಂದುಬಿಡುತ್ತೀರಿ. ನೂರು ವರ್ಷದ ಹಿಂದೆ ಯೂರೋಪಿನಿಂದ ಆಸ್ಟ್ರೇಲಿಯಾಕ್ಕೆ ಹಾರಿ ಬಂದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಅವರಲ್ಲಿ ಇಬ್ಬರು ಇಟಲಿಯವರು. ಒಬ್ಬರು ಪೈಲಟ್ ಫ್ರಾಂಚೆಸ್ಕೊ ದೆ ಪಿನೆದೊ, ಇನ್ನೊಬ್ಬರು ಮೆಕ್ಯಾನಿಕ್ ಎರ್ನೆಸ್ಟೊ ಕಂಪನೆಲ್ಲಿ. ಅವರ ವಿಮಾನಕ್ಕೆ ಚಕ್ರಗಳ ಗೊಡವೆಯೇ ಇರಲಿಲ್ಲ. ಅದು ಸಮುದ್ರದ ಮೇಲೋ ನದಿಯ ಮೇಲೋ ಇಳಿಯುತ್ತಿತ್ತು, ಅಲ್ಲಿಂದಲೇ ಮೇಲೇಳುತ್ತಿತ್ತು. 2025ಕ್ಕೆ ಆ ಹಾರಾಟಕ್ಕೆ ನೂರು ತುಂಬಿತು.

ದೆ ಪಿನೆದೊ ಹುಟ್ಟಿದ್ದು 1890ರಲ್ಲಿ, ನೇಪಲ್ಸ್ ನಗರದಲ್ಲಿ. ಮೊದಲು ನೌಕಾಪಡೆ ಸೇರಿದರು. ಮೊದಲ ಮಹಾಯುದ್ಧದಲ್ಲಿ ವಿಮಾನ ಹಾರಿಸಿದರು, 1923ರಲ್ಲಿ ಇಟಲಿ ಪ್ರತ್ಯೇಕ ವಾಯುಪಡೆ ಕಟ್ಟಿದಾಗ ಅಲ್ಲಿಗೆ ಹೋದರು. ಹಡಗಿನ ಮನುಷ್ಯನಾದ್ದರಿಂದ ಅವರ ಲೆಕ್ಕಾಚಾರವೇ ಬೇರೆ. ದೂರ ಹಾರಬೇಕಾದರೆ ದಾರಿಯುದ್ದಕ್ಕೂ ಇಳಿಯಲು ಜಾಗ ಬೇಕು. ಆಗ ಏಷ್ಯಾದಲ್ಲಿ ವಿಮಾನ ನಿಲ್ದಾಣಗಳು ಎಲ್ಲೋ ಒಂದೊಂದು. ಆದರೆ ಬಂದರಿಲ್ಲದ ಕರಾವಳಿ ಎಲ್ಲಿದೆ? ಬಂದರಿನಲ್ಲಿ ದೋಣಿಯೂ ಸಿಗುತ್ತದೆ, ಕೆಲಸಗಾರರೂ ಸಿಗುತ್ತಾರೆ, ಪೆಟ್ರೋಲನ್ನು ಹಡಗಿನಲ್ಲಿ ಮೊದಲೇ ಕಳಿಸಿಡಬಹುದು. ನಿಲ್ದಾಣ ಕಟ್ಟುವ ಖರ್ಚೇಕೆ, ನೀರೇ ಇದೆಯಲ್ಲ ಎಂಬುದು ಅವರ ವಾದ.

ವಿಮಾನದ ಹೆಸರು ಜೆನ್ನಾರಿಯೆಲ್ಲೊ. ನೇಪಲ್ಸ್‌ನ ರಕ್ಷಕ ಸಂತ ಜೆನ್ನಾರೊ ಹೆಸರನ್ನು ಮುದ್ದು ಮಾಡಿ ಇಟ್ಟದ್ದು. ಸವೋಯಾ ಕಂಪನಿಯ ಎಸ್.16 ಮಾದರಿ. ಮರದ ದೋಣಿಯಂಥ ಒಡಲು, ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ನಡುವೆ ಹಿಂದಕ್ಕೆ ಮುಖ ಮಾಡಿದ ಪ್ರೊಪೆಲರ್. ಎಂಜಿನ್ ಒಂದೇ. ಕೂರುವ ಜಾಗಕ್ಕೆ ಮುಚ್ಚಳವಿಲ್ಲ, ಮಳೆ ಬಂದರೆ ನೇರ ಮುಖಕ್ಕೆ. ಇದನ್ನು ನಂಬಿಕೊಂಡು 1925ರ ಏಪ್ರಿಲ್‌ನಲ್ಲಿ ಉತ್ತರ ಇಟಲಿಯ ಸೆಸ್ಟೊ ಕಲೆಂದೆ ಎಂಬ ಊರಿನ ನೀರಿನಿಂದ ಇಬ್ಬರೂ ಹೊರಟರು. ಬಾಗ್ದಾದ್, ಕರಾಚಿ, ಮುಂಬಯಿ, ಕಲ್ಕತ್ತ, ರಂಗೂನ್, ಸಿಂಗಪುರ, ಆಮೇಲೆ ಇಂಡೋನೇಷ್ಯಾದ ದ್ವೀಪಗಳು. ಕರಾಚಿ, ಮುಂಬಯಿಗಳ ಜನ ಅವರನ್ನು ನೋಡಿದಾಗ ಭಾರತದಲ್ಲಿ ಇನ್ನೂ ಒಬ್ಬರಿಗೂ ಪೈಲಟ್ ಲೈಸೆನ್ಸ್ ಕೊಟ್ಟಿರಲಿಲ್ಲ. ಇಲ್ಲಿನ ಮೊದಲನೆಯ ಲೈಸೆನ್ಸ್ ಜೆ.ಆರ್.ಡಿ. ಟಾಟಾ ಅವರಿಗೆ ಸಿಕ್ಕಿದ್ದು 1929ರಲ್ಲಿ.

ಕಡಲು ದಾಟಿ ಆಸ್ಟ್ರೇಲಿಯಾದ ಬ್ರೂಮ್ ಮುಟ್ಟಿದರು. ಪಶ್ಚಿಮ ಕರಾವಳಿ ಹಿಡಿದು ಕೆಳಗಿಳಿದು, ದಕ್ಷಿಣದಲ್ಲಿ ತಿರುಗಿ, ಜೂನ್ ಎರಡನೇ ವಾರದ ಹೊತ್ತಿಗೆ ಮೆಲ್ಬರ್ನ್.

ನೀರಿನ ಮೇಲೆ ಇಳಿಯುವುದೆಂದರೆ ಹಂಸ ಇಳಿದ ಹಾಗೆ ಸಲೀಸು ಎಂದುಕೊಳ್ಳಬೇಡಿ. ಅಲೆ ಜೋರಾಗಿದ್ದರೆ ಕಷ್ಟ ಎಂಬುದು ಯಾರಿಗಾದರೂ ಹೊಳೆಯುತ್ತದೆ. ಆದರೆ ಅಲೆಯೇ ಇಲ್ಲದಿದ್ದರೂ ಕಷ್ಟ! ನೀರು ಕನ್ನಡಿಯಂತೆ ನಿಂತಿದ್ದರೆ ಅದು ಎಷ್ಟು ಕೆಳಗಿದೆ ಎಂದು ಪೈಲಟ್‌ಗೆ ಅಂದಾಜಾಗುವುದಿಲ್ಲ. ಏಳುವಾಗ ಇನ್ನೊಂದು ಫಜೀತಿ. ವಿಮಾನದ ತಳವನ್ನು ನೀರು ಹಿಡಿದುಕೊಂಡು ಬಿಡುವುದೇ ಇಲ್ಲ. ಅದಕ್ಕೇ ಇಂಥ ವಿಮಾನಗಳ ತಳದಲ್ಲಿ ಒಂದು ಮೆಟ್ಟಿಲಿನಂಥ ಕಡಿತ ಇರುತ್ತದೆ. ವೇಗ ಹೆಚ್ಚಿದಾಗ ಅಲ್ಲಿ ಗಾಳಿ ನುಗ್ಗಿ ನೀರಿನ ಹಿಡಿತ ಬಿಡಿಸುತ್ತದೆ. ಅದೂ ಸಾಲದಿದ್ದರೆ ಮುಂದೆ ಮೋಟಾರು ದೋಣಿ ಓಡಿಸಿ ಬೇಕೆಂದೇ ಅಲೆ ಎಬ್ಬಿಸುವುದೂ ಉಂಟು.

ಇನ್ನು ಕಂಪನೆಲ್ಲಿ ಕಡೆ ಬರೋಣ. ಪುಸ್ತಕಗಳಲ್ಲಿ ಪೈಲಟ್‌ಗೆ ಒಂದು ಪುಟ ಕೊಟ್ಟು, ಇವರಿಗೆ ಒಂದು ಸಾಲು ಕೊಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಉಪ್ಪು ನೀರು ಕಬ್ಬಿಣವನ್ನು ತಿನ್ನುತ್ತದೆ. ಮರ ನೀರು ಕುಡಿದು ಭಾರವಾಗುತ್ತದೆ. ಇರುವ ಒಂದು ಎಂಜಿನ್ ನಿಂತರೆ ಅಲ್ಲಿಗೆ ಮುಗಿಯಿತು. ಪೈಲಟ್ ದಿನವಿಡೀ ಹಾರಿ ಇಳಿದಾಗ ಮೆಕ್ಯಾನಿಕ್‌ನ ದಿನ ಆಗ ಶುರು. ಬಂದರಿನಿಂದ ಬಂದರಿಗೆ ಹೀಗೆ ತಿಂಗಳುಗಟ್ಟಲೆ ಆ ಎಂಜಿನ್ ಓಡಿತು. ಧೈರ್ಯ ಇಬ್ಬರದೂ ಸರಿ, ಆದರೆ ಈ ಹಾರಾಟವನ್ನು ಗೆಲ್ಲಿಸಿದ್ದು ಸ್ಪ್ಯಾನರ್ ಹಿಡಿದ ಕೈಯ ತಾಳ್ಮೆ ಎಂದೇ ನನ್ನ ಎಣಿಕೆ.

ಆಸ್ಟ್ರೇಲಿಯಾದಲ್ಲಿ ಹಲವು ವಾರ ತಂಗಿ, ಸಿಡ್ನಿಯ ನಂತರ ಪೂರ್ವ ಕರಾವಳಿ ಹಿಡಿದು ಉತ್ತರಕ್ಕೆ ಹೊರಟರು. ನ್ಯೂಗಿನಿ, ಫಿಲಿಪ್ಪೀನ್ಸ್ ದಾಟಿ ಸೆಪ್ಟೆಂಬರ್ ಕೊನೆಗೆ ಟೋಕಿಯೊ. ಅಲ್ಲಿಂದ ಮತ್ತೆ ಪಶ್ಚಿಮಕ್ಕೆ ತಿರುಗಿ, 1925ರ ನವೆಂಬರ್ 7ರಂದು ರೋಮ್ ನಗರದ ನಡುವೆ ಹರಿಯುವ ಟೈಬರ್ ನದಿಯ ಮೇಲೆ ಬಂದಿಳಿದರು. ಒಟ್ಟು ಸುಮಾರು 55,000 ಕಿಲೋಮೀಟರ್. ಭೂಮಿಯ ಸುತ್ತಳತೆಯೇ 40,000 ಎಂಬುದನ್ನು ನೆನಪಿಡಿ.

ದಡದಲ್ಲಿ ಜಯಘೋಷ ಮೊಳಗಿತು. ಆದರೆ ಒಂದು ವಿಷಯ ನಿಮ್ಮಿಂದ ಮುಚ್ಚಿಡಬಾರದು. ಆಗ ಇಟಲಿಯನ್ನು ಆಳುತ್ತಿದ್ದವನು ಸರ್ವಾಧಿಕಾರಿ ಮುಸ್ಸೊಲಿನಿ. ಇಂಥ ಹಾರಾಟಗಳನ್ನೆಲ್ಲ ಅವನ ಸರ್ಕಾರ ತನ್ನ ಹಿರಿಮೆಯ ಡಂಗುರಕ್ಕೆ ಬಳಸಿಕೊಂಡಿತು. ಹಾರಿದವರ ಸಾಮರ್ಥ್ಯವನ್ನು ಮೆಚ್ಚೋಣ, ಡಂಗುರ ಸಾರಿದವರನ್ನು ಮೆಚ್ಚಬೇಕಾಗಿಲ್ಲ.

1927ರಲ್ಲಿ ದೆ ಪಿನೆದೊ ಇನ್ನಿಬ್ಬರ ಜೊತೆ ಸಾಂತಾ ಮರಿಯಾ ಎಂಬ ವಿಮಾನದಲ್ಲಿ ಅಟ್ಲಾಂಟಿಕ್ ದಾಟಿ ಅಮೆರಿಕ ಖಂಡಗಳನ್ನು ಸುತ್ತಲು ಹೊರಟರು. ಅರಿಜೋನಾದ ರೂಸ್‌ವೆಲ್ಟ್ ಸರೋವರದಲ್ಲಿ ಪೆಟ್ರೋಲ್ ತುಂಬಿಸುವಾಗ ಯಾರೋ ಹುಡುಗ ಸಿಗರೇಟು ಹಚ್ಚಿ ಬೆಂಕಿಕಡ್ಡಿಯನ್ನು ನೀರಿಗೆ ಎಸೆದ. ನೀರಿನ ಮೇಲೆ ಪೆಟ್ರೋಲ್ ತೇಲುತ್ತಿತ್ತು. ವಿಮಾನ ಸುಟ್ಟು ಹೋಯಿತು. ಇಟಲಿಯಿಂದ ಇನ್ನೊಂದು ತರಿಸಿಕೊಂಡು ಪ್ರಯಾಣ ಮುಂದುವರಿಸಿದರು. ವಾಪಸು ಬರುವಾಗ ನಡುಗಡಲಿನಲ್ಲಿ ಇಂಧನ ಮುಗಿದು, ಹಡಗುಗಳು ಅವರನ್ನು ಅಜೋರ್ಸ್ ದ್ವೀಪದವರೆಗೆ ಎಳೆದು ತಂದವು. ಎಳೆಸಿಕೊಂಡು ಬಂದ ದೂರ ಹಾರಿದ ದೂರವಲ್ಲವಲ್ಲ! ರಿಪೇರಿಯಾದ ಮೇಲೆ, ಹಡಗು ಹಗ್ಗ ಕಟ್ಟಿದ ಆ ಜಾಗಕ್ಕೇ ಹಿಂದಿರುಗಿ ಹಾರಿ, ಅಲ್ಲಿಂದ ಮತ್ತೆ ಊರಿನ ದಾರಿ ಹಿಡಿದರು. ಇದು ಹಠವೋ ಪ್ರಾಮಾಣಿಕತೆಯೋ ನೀವೇ ಹೇಳಿ.

1933ರ ಸೆಪ್ಟೆಂಬರ್ 2ರಂದು, ನ್ಯೂಯಾರ್ಕಿನಿಂದ ಬಾಗ್ದಾದಿಗೆ ಒಬ್ಬರೇ ಎಲ್ಲೂ ಇಳಿಯದೆ ಹಾರಲು ಹೊರಟಾಗ, ಇಂಧನದ ಭಾರ ಹೊತ್ತ ವಿಮಾನ ನೆಲ ಬಿಡುವ ಮೊದಲೇ ದಾರಿ ತಪ್ಪಿ ಉರಿದುಹೋಯಿತು. ದೆ ಪಿನೆದೊ ಅದರಲ್ಲೇ ತೀರಿಕೊಂಡರು. ಅವರಿಗೆ 43 ವರ್ಷ. ಆ ವಿಮಾನ ಏಳಬೇಕಾಗಿದ್ದದ್ದು ನೀರಿನಿಂದಲ್ಲ, ರನ್‌ವೇಯಿಂದ.

ನೀರೇ ನಿಲ್ದಾಣ ಎಂಬ ಅವರ ಮಾತು ಕೆಲವು ಕಾಲ ನಿಜವೂ ಆಯಿತು. 1938ರಿಂದ ಸಿಡ್ನಿಯ ರೋಸ್ ಬೇಯಿಂದ ಇಂಗ್ಲೆಂಡಿಗೆ ಪ್ರಯಾಣಿಕರನ್ನು ಹೊತ್ತ ನೀರ್ವಿಮಾನಗಳು ಹಾರಿದವು. ಎರಡನೇ ಮಹಾಯುದ್ಧದಲ್ಲಿ ಎಲ್ಲೆಡೆ ಉದ್ದುದ್ದ ರನ್‌ವೇಗಳು ಎದ್ದ ಮೇಲೆ ಅವುಗಳ ಕಾಲ ಮುಗಿಯಿತು. ಅದೇ ಯುದ್ಧದ ದಿನಗಳಲ್ಲಿ ನಮ್ಮ ಬೆಂಗಳೂರಿಗೂ ಇಂಥ ವಿಮಾನಗಳು ಬಂದವು. ಕ್ಯಾಟಲಿನಾ ಎಂಬ ನೀರ್ವಿಮಾನಗಳು ಬೆಳ್ಳಂದೂರು ಕೆರೆಯ ಮೇಲಿಳಿದು ರಿಪೇರಿಗಾಗಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಹೋಗುತ್ತಿದ್ದವು. ಹೌದು, ನೊರೆ ಉಕ್ಕಿ ಸುದ್ದಿಯಾದ ಅದೇ ಕೆರೆ.

ಸಿಡ್ನಿಯಲ್ಲಿರುವವರು ಒಂದು ಭಾನುವಾರ ರೋಸ್ ಬೇಗೆ ಹೋಗಿ ಬನ್ನಿ, ಪುಟ್ಟ ನೀರ್ವಿಮಾನಗಳು ಈಗಲೂ ಅಲ್ಲಿಂದ ಏಳುತ್ತವೆ. ಮುಂದಿನ ರಜೆಗೆ ಬೆಂಗಳೂರಿಗೆ ಹೋದಾಗ, ಬೆಳ್ಳಂದೂರು ಕೆರೆಯಲ್ಲಿ ವಿಮಾನ ಇಳಿದದ್ದನ್ನು ನೋಡಿದವರು ಯಾರಾದರೂ ಇದ್ದರೇ ಎಂದು ಅಜ್ಜ ಅಜ್ಜಿಯನ್ನು ಕೇಳಿ. ಉತ್ತರ ಸಿಕ್ಕರೆ ಮುಂದಿನ ಸಂಚಿಕೆಗೆ ಕನ್ನಡದಲ್ಲೇ ಬರೆದು ಕಳಿಸಿ.