ಮಂಗಳನಿಗೆ ರೋವರ್ ಕಳಿಸಿದ ರೇಡಿಯೊ ತಂತ್ರಜ್ಞ

ಡಿಗ್ರಿ ತಡವಾದರೆ ಬದುಕೇ ತಡವಾಯಿತು ಎಂದುಕೊಳ್ಳುವವರು ಜಾರ್ಜಿ ಬಬಾಕಿನ್ ಅವರ ಬಗ್ಗೆ ತಿಳಿಯಬೇಕು.

1914ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಅವರು, ಕಾಲೇಜು ಮೆಟ್ಟಿಲು ಹತ್ತಬೇಕಾದ ವಯಸ್ಸಿನಲ್ಲಿ ನಗರದ ರೇಡಿಯೊ ಜಾಲದಲ್ಲಿ ತಂತ್ರಜ್ಞರಾಗಿ ದುಡಿಯುತ್ತಿದ್ದರು. ಪದವಿ ಕೈಸೇರಿದ್ದು 1957ರಲ್ಲಿ, ಅಂಚೆ-ತೆರಪಿನ ಶಿಕ್ಷಣದ ಮೂಲಕ. ಆಗ ವಯಸ್ಸು ನಲವತ್ತು ದಾಟಿತ್ತು. ಅಷ್ಟರಲ್ಲಿ ಕ್ಷಿಪಣಿಗಳ ನಿಯಂತ್ರಣ ವ್ಯವಸ್ಥೆಯ ಕೆಲಸದಲ್ಲಿ ಚೆನ್ನಾಗಿ ಪಳಗಿದ್ದರು.

1965ರಲ್ಲಿ ಅವರು ಲಾವೊಚ್ಕಿನ್ ವಿನ್ಯಾಸ ಸಂಸ್ಥೆಯ ಮುಖ್ಯ ವಿನ್ಯಾಸಕರಾದರು. ಮರುವರ್ಷ ಫೆಬ್ರುವರಿಯಲ್ಲಿ ಲೂನಾ 9 ಚಂದ್ರನ ಮೇಲೆ ಮೆಲ್ಲಗೆ ಇಳಿಯಿತು. ಅದಕ್ಕೂ ಮೊದಲು ಯಾವ ದೇಶಕ್ಕೂ ಇದು ಸಾಧ್ಯವಾಗಿರಲಿಲ್ಲ. 1970ರ ನವೆಂಬರಿನಲ್ಲಿ ಎಂಟು ಚಕ್ರಗಳ ಲೂನೊಖೋದ್ 1 ಚಂದ್ರನ ಮೇಲೆ ಓಡಾಡಿತು. ಭೂಮಿಯಲ್ಲಿ ಕುಳಿತ ಚಾಲಕರ ತಂಡ ಅದನ್ನು ನಡೆಸುತ್ತಿತ್ತು.

ಮಂಗಳನಲ್ಲಿ ಇದು ನಡೆಯದು. ಅಲ್ಲಿಗೆ ರೇಡಿಯೊ ಸಂಕೇತ ತಲುಪಲು ಹಲವು ನಿಮಿಷ ಬೇಕು. ಅಲ್ಲಿನ ಗಾಳಿಯ ಒತ್ತಡ ಭೂಮಿಯದರ ನೂರರಲ್ಲಿ ಒಂದು ಪಾಲೂ ಇಲ್ಲ. ನೌಕೆಯನ್ನು ಕಾಯಿಸಿ ಸುಡಲು ಅಷ್ಟು ಸಾಕು. ಪ್ಯಾರಾಚೂಟ್ ಒಂದರಿಂದಲೇ ನಿಲ್ಲಿಸಲು ಸಾಲದು. ಆದ್ದರಿಂದ ಮಾರ್ಸ್ 3 ನೌಕೆಗೆ ಮೂರು ಹಂತದ ಇಳಿಕೆ ರೂಪಿಸಲಾಯಿತು: ಮೊದಲು ಶಾಖ ತಡೆಯುವ ಕವಚ, ಆಮೇಲೆ ಪ್ಯಾರಾಚೂಟ್, ನೆಲ ಹತ್ತಿರವಾದಾಗ ರಾಕೆಟ್. ಎಲ್ಲವನ್ನೂ ಯಂತ್ರವೇ ತಾನಾಗಿ ಮಾಡಬೇಕು.

ಅದರೊಳಗೆ 4.5 ಕಿಲೊ ತೂಕದ ಪುಟ್ಟ ರೋವರ್ ಇತ್ತು. ಅಲೆಕ್ಸಾಂಡರ್ ಕೆಮುರ್ಜಿಯನ್ ಅವರ ತಂಡ ಅದನ್ನು ತಯಾರಿಸಿತ್ತು. 15 ಮೀಟರ್ ಕೇಬಲ್‌ನ ತುದಿಯಲ್ಲಿ ಅದು ಚಕ್ರದ ಬದಲು ಹಿಮಜಾರು ಪಟ್ಟಿಯಂಥ ಎರಡು ಕಾಲುಗಳಿಂದ ಹೆಜ್ಜೆ ಹಾಕಬೇಕಿತ್ತು. ಮುಂದಿನ ಸರಳುಗಳಿಗೆ ಕಲ್ಲು ತಾಗಿದರೆ, ಯಾರನ್ನೂ ಕೇಳದೆ ಹಿಂದೆ ಸರಿದು ಪಕ್ಕದಿಂದ ಸಾಗಬೇಕಿತ್ತು.

1971ರ ಮೇ ತಿಂಗಳಲ್ಲಿ ನೌಕೆ ಹೊರಟಿತು. ಅದಿನ್ನೂ ದಾರಿಯಲ್ಲಿರುವಾಗಲೇ, ಆಗಸ್ಟ್‌ನಲ್ಲಿ, ಬಬಾಕಿನ್ ತೀರಿಕೊಂಡರು. ವಯಸ್ಸು 56. ಡಿಸೆಂಬರ್ 2ರಂದು, ಭಾರಿ ದೂಳುಬಿರುಗಾಳಿಯ ನಡುವೆ, ಮಾರ್ಸ್ 3 ಮಂಗಳನ ಮೇಲೆ ಸುರಕ್ಷಿತವಾಗಿ ಇಳಿದ ಮೊದಲ ನೌಕೆಯಾಯಿತು. ಆದರೆ ಸಂಕೇತ ಶುರುವಾಗಿ 20 ಸೆಕೆಂಡಿನೊಳಗೆ ನಿಂತುಹೋಯಿತು. ರೋವರ್ ನಡೆಯಲೇ ಇಲ್ಲ.

ಮಂಗಳನ ನೆಲದಲ್ಲಿ ರೋವರ್ ಓಡಾಡಿದ್ದು 1997ರಲ್ಲಿ, ಅಮೆರಿಕದ ಸೋಜರ್ನರ್. ಅದು ಇಳಿದಾಗಲೂ ಕವಚ, ಪ್ಯಾರಾಚೂಟ್, ರಾಕೆಟ್ ಇದ್ದವು, ಜೊತೆಗೆ ಗಾಳಿಚೀಲಗಳು.

ಇಂದು ಚಂದ್ರನ ಮೇಲೊಂದು, ಮಂಗಳನ ಮೇಲೊಂದು ಕುಳಿಗೆ ಬಬಾಕಿನ್ ಹೆಸರಿದೆ. ಪದವಿ ಬಂದ ಮೇಲೆ ಅವರಿಗೆ ಸಿಕ್ಕಿದ್ದು ಹದಿನಾಲ್ಕೇ ವರ್ಷ. ಅಷ್ಟರಲ್ಲೇ ಇಷ್ಟು ಕೆಲಸವಾಯಿತು.