ಎಬೆನೆಜರ್ ಎರ್ಸ್ಕಿನ್ ಅಯ್ಯನವರ ಚರಿತ್ರೆ

ನಮ್ಮ ಹಳ್ಳಿಯ ಸಭೆಗಳಲ್ಲಿ ಗಂಡುಮಗು ಹುಟ್ಟಿದಾಗ ಯೋಹಾನ, ಯಾಕೋಬ, ದಾವೀದ ಮೊದಲಾದ ಭಕ್ತರ ಹೆಸರನ್ನಿಡುವದು ವಾಡಿಕೆ. ಕೆಲವರು ಮಾತ್ರ ಬೇತೇಲ್, ಹೆಬ್ರೋನ್ ಎಂಬಂಥ ಸ್ಥಳಗಳ ಹೆಸರನ್ನು ಅಪೇಕ್ಷಿಸಿ, ಊರಿನ ಹೆಸರನ್ನು ಮನುಷ್ಯನಿಗಿಡಬಹುದೋ ಎಂದು ಉಪದೇಶಿಗಳನ್ನು ಕೇಳುವದುಂಟು. ಎಬೆನೆಜರ್ ಎಂಬದೂ ಮೊದಲು ಸ್ಥಳದ ಹೆಸರೇ. ನಾವು ಅದನ್ನು ಬಹುಕಾಲದಿಂದ ಮನುಷ್ಯರ ಹೆಸರಾಗಿ ಕೇಳುತ್ತಾ ಬಂದದ್ದರಿಂದ ಈ ಸಂಗತಿ ಮರೆತುಹೋಗಿದೆ. ಆ ಹೆಸರನ್ನು ಹೊತ್ತವರಲ್ಲಿ ಪ್ರಸಿದ್ಧರಾದ ಸ್ಕಾಟ್ಲೆಂಡಿನ ಒಬ್ಬ ಸಭಾಪಾಲಕರ ಚರಿತ್ರೆಯನ್ನು ಈ ತಿಂಗಳು ಬರೆಯುತ್ತೇವೆ.

ಮೊದಲು ಆ ಸ್ಥಳದ ಮಾತು. ಇಸ್ರಾಯೇಲ್ಯರು ಎಬೆನೆಜರಿನಲ್ಲಿ ಪಾಳೆಯಮಾಡಿಕೊಂಡಾಗ ಫಿಲಿಷ್ಟಿಯರಿಂದ ಸೋತರು. 30,000 ಕಾಲಾಳುಗಳು ಬಿದ್ದರು, ದೇವರ ಮಂಜೂಷವು ಶತ್ರುಗಳ ಪಾಲಾಯಿತು. ಆ ಸುದ್ದಿಯನ್ನು ಕೇಳಿ ಏಲಿಯು ಪ್ರಾಣಬಿಟ್ಟನು. ಅವನ ಸೊಸೆಯು ಹೆತ್ತು, ಮಹಿಮೆಯು ಹೊರಟುಹೋಯಿತೆಂಬ ದುಃಖದಿಂದ ಮಗುವಿಗೆ ಈಕಾಬೋದ್ ಎಂದು ಹೆಸರಿಟ್ಟು ಸತ್ತಳು. ವರುಷಗಳು ಕಳೆದ ಮೇಲೆ ಜಯವುಂಟಾದಾಗ ಸಮುವೇಲನು ಮಿಚ್ಪೆಗೂ ಶೇನಿಗೂ ನಡುವೆ ಒಂದು ಕಲ್ಲನ್ನು ನಿಲ್ಲಿಸಿ ಅದಕ್ಕೆ ಎಬೆನೆಜರ್, ಅಂದರೆ ಸಹಾಯದ ಕಲ್ಲು, ಎಂದು ಹೆಸರಿಟ್ಟನು. ಸೋಲಿನ ಕಥೆಯಲ್ಲಿ ಕಾಣುವ ಹೆಸರೇ ಸಹಾಯದ ಹೆಸರೂ ಆಗಿದೆ.

ನಮ್ಮ ಚರಿತ್ರನಾಯಕರ ತಂದೆಯಾದ ಹೆನ್ರಿ ಎರ್ಸ್ಕಿನರು ಇಂಗ್ಲೆಂಡಿನ ಉತ್ತರದ ಗಡಿಯಲ್ಲಿರುವ ಕಾರ್ನ್‌ಹಿಲ್ ಎಂಬ ಊರಿನ ಸಭಾಪಾಲಕರಾಗಿದ್ದರು. 1662ರಲ್ಲಿ ಅರಸನ ಆಜ್ಞೆಯಂತೆ ನೇಮಿತವಾದ ಪ್ರಾರ್ಥನಾಪುಸ್ತಕಕ್ಕೂ ಬಿಷಪರ ಅಧಿಕಾರಕ್ಕೂ ಒಡಂಬಡದ ಬೋಧಕರು, ಸುಮಾರು 2,000 ಮಂದಿ, ತಮ್ಮ ಸಭೆಗಳಿಂದ ಹೊರಡಿಸಲ್ಪಟ್ಟರು. ಹೆನ್ರಿ ಅಯ್ಯನವರೂ ಅವರಲ್ಲೊಬ್ಬರು. ಅವರು ಹೆಂಡತಿ ಮಕ್ಕಳೊಡನೆ ಸ್ಕಾಟ್ಲೆಂಡಿನ ಡ್ರೈಬರ್ಗಿಗೆ ಬಂದು ಬಡತನದಲ್ಲಿ ಕಾಲ ಕಳೆಯುತ್ತಿದ್ದಾಗ, 1680ನೇ ಜೂನ್ 22ರಲ್ಲಿ ಒಂದು ಗಂಡುಮಗು ಹುಟ್ಟಿತು. ಈಕಾಬೋದ್ ಎಂಬ ಹೆಸರಿಗೆ ತಕ್ಕ ಕಾಲವದು. ತಂದೆಯು ಇಟ್ಟದ್ದು ಎಬೆನೆಜರ್ ಎಂಬ ಹೆಸರು. ಇಟ್ಟ ಬಳಿಕ ಕಷ್ಟವೇನೂ ತೀರಲಿಲ್ಲ. 1682ರಲ್ಲಿ ಅಯ್ಯನವರು ಮನೆಯಲ್ಲಿ ಕುಟುಂಬದ ಆರಾಧನೆಯನ್ನು ನಡಿಸುತ್ತಿರುವಾಗಲೇ ಹಿಡಿಯಲ್ಪಟ್ಟರು. ಭಾರಿ ದಂಡವೂ, ಸಮುದ್ರದ ನಡುವೆ ಬಾಸ್ ಎಂಬ ಬಂಡೆಯ ಮೇಲಿದ್ದ ಸೆರೆಮನೆಯೂ ಶಿಕ್ಷೆಯಾಗಿ ವಿಧಿಸಲ್ಪಟ್ಟವು. ಬಹಳವಾಗಿ ಬಿನ್ನವಿಸಿದ್ದರಿಂದ ದೇಶಬಿಟ್ಟು ಹೋಗುವದಕ್ಕೆ ಅಪ್ಪಣೆಯಾಯಿತು. ಹೀಗೆ ಎರಡು ವರುಷದ ಎಬೆನೆಜರನು ಗಡಿಯಾಚೆಗೆ ಒಯ್ಯಲ್ಪಟ್ಟನು. ಅಲ್ಲಿಯೇ 1685ರಲ್ಲಿ ತಮ್ಮನಾದ ರಾಲ್ಫನು ಹುಟ್ಟಿದನು.

ಈ ಹುಡುಗರ ತಾಯಿಯು ಒಮ್ಮೆ ಸತ್ತಳೆಂದು ಹೂಣಲ್ಪಟ್ಟು, ಉಂಗುರವನ್ನು ಕದಿಯಲು ಬಂದವನಿಂದ ಎಚ್ಚತ್ತು ಮನೆಗೆ ಬಂದಳೆಂದು ಒಂದು ಕಥೆಯುಂಟು. ಇಂಥ ಕಥೆಯನ್ನು ಅನೇಕ ದೇಶಗಳಲ್ಲಿ ಅನೇಕ ಸ್ತ್ರೀಯರ ವಿಷಯವಾಗಿ ಹೇಳುವದರಿಂದ ನಾವು ಅದಕ್ಕೆ ಹೆಚ್ಚು ಬೆಲೆ ಕೊಡುವದಿಲ್ಲ.

ಕಾಲ ಬದಲಾಗಿ ತಂದೆಗೆ ತಿರಿಗಿ ಸಭೆ ದೊರೆಯಿತು. 1696ರಲ್ಲಿ ಅವರು ಕರ್ತನಲ್ಲಿ ನಿದ್ರೆಹೋದರು. ಮಗನು ಎಡಿನ್‌ಬರೋ ವಿದ್ಯಾಪೀಠದಲ್ಲಿ ಓದಿ, 1703ರಲ್ಲಿ ಪೋರ್ಟ್‌ಮೋಕ್ ಎಂಬ ಹಳ್ಳಿಯ ಸಭಾಪಾಲಕನಾದನು. ಅಲ್ಲಿ ಅವರು 28 ವರುಷ ಸೇವೆಮಾಡಿದರು. ಆದರೆ ಆರಂಭದಲ್ಲಿ ಅವರ ಪ್ರಸಂಗಗಳಲ್ಲಿ ಜೀವವಿರಲಿಲ್ಲ. ಬಾಯಿಪಾಠ ಮಾಡಿದ್ದು ಮರೆತುಹೋದೀತೆಂಬ ಅಂಜಿಕೆಯಿಂದ ಜನರ ಮುಖವನ್ನು ನೋಡದೆ, ಎದುರಿನ ಗೋಡೆಯ ಒಂದು ಕಲ್ಲಿನ ಮೇಲೆ ಕಣ್ಣಿಟ್ಟು ಮಾತಾಡುತ್ತಿದ್ದರೆಂದು ಹೇಳುತ್ತಾರೆ. (ಸೆಮಿನೆರಿಯಿಂದ ಹೊಸದಾಗಿ ಬಂದ ನಮ್ಮಂಥವರು ಇದಕ್ಕೆ ನಗಲಾರರು.) ಅವರನ್ನು ಬದಲಾಯಿಸಿದ್ದು ದೊಡ್ಡ ಪಂಡಿತರಲ್ಲ, ಅವರ ಹೆಂಡತಿಯಾದ ಅಲಿಸನ್ ಟರ್ಪಿ ಅಮ್ಮನವರು. ಒಂದು ದಿನ ಆ ಅಮ್ಮನವರೂ ಮೈದುನನಾದ ರಾಲ್ಫನೂ ತೋಟದಲ್ಲಿ ಕುಳಿತು ರಕ್ಷಣೆಯ ಅನುಭವವನ್ನು ಕುರಿತು ಮಾತಾಡುತ್ತಿದ್ದದ್ದು, ತೆರೆದ ಕಿಟಕಿಯಿಂದ ಓದುವ ಕೋಣೆಯಲ್ಲಿದ್ದ ಅಯ್ಯನವರ ಕಿವಿಗೆ ಬಿತ್ತು. ಇವರಿಗಿರುವದು ತನಗಿಲ್ಲವಲ್ಲಾ ಎಂದು ಅವರು ನೊಂದರು. ಆಮೇಲೆ ಅವರು ಗೋಡೆಯ ಕಲ್ಲನ್ನು ಬಿಟ್ಟು ಜನರನ್ನು ನೋಡಿ ಸುವಾರ್ತೆಯನ್ನು ಸಾರಿದರು. ಕರ್ತನ ಭೋಜನದ ಕಾಲದಲ್ಲಿ ಸುತ್ತಣ ಊರುಗಳಿಂದ ಜನರು ಗುಂಪುಗುಂಪಾಗಿ ಬರುತ್ತಿದ್ದದರಿಂದ ಬೈಲಿನಲ್ಲಿಯೇ ಕೂಟ ನಡಿಸಬೇಕಾಯಿತು. ಈ ಊರಿನಲ್ಲಿಯೇ ಅವರು ಮಕ್ಕಳಲ್ಲಿ ಕೆಲವರನ್ನೂ, 1720ರಲ್ಲಿ ಆ ಹೆಂಡತಿಯನ್ನೂ ಮಣ್ಣಿಗೆ ಒಪ್ಪಿಸಿದರು.

1731ರಲ್ಲಿ ಅವರು ಸ್ಟರ್ಲಿಂಗ್ ಪಟ್ಟಣಕ್ಕೆ ಕರೆಯಲ್ಪಟ್ಟರು. ಆ ಕಾಲದ ದೊಡ್ಡ ವ್ಯಾಜ್ಯವು ಸಭೆಗೆ ಪಾಲಕನನ್ನು ಆರಿಸುವವರು ಯಾರೆಂಬದು. 1712ರ ಕಾಯಿದೆಯು ಆ ಹಕ್ಕನ್ನು ಜಮೀನುದಾರರಾದ ಪ್ರಭುಗಳಿಗೆ ಕೊಟ್ಟಿತ್ತು. ಪ್ರಭುವು ಆರಿಸದೆ ಬಿಟ್ಟರೆ ಭೂಮಾಲಿಕರೂ ಹಿರಿಯರೂ ಆರಿಸತಕ್ಕದ್ದೆಂದು 1732ರಲ್ಲಿ ಸ್ಕಾಟ್ಲೆಂಡಿನ ಮಹಾಸಭೆಯು ತೀರ್ಮಾನಿಸಿತು. ಬೆಂಚಿನ ಮೇಲೆ ಕುಳಿತು ವಾಕ್ಯ ಕೇಳುವ ಬಡವನಿಗೆ ಅದರಲ್ಲಿ ಮಾತೇ ಇರಲಿಲ್ಲ. ಅದೇ ವರುಷದ ಅಕ್ಟೋಬರ 10ರಲ್ಲಿ ಎರ್ಸ್ಕಿನ್ ಅಯ್ಯನವರು ಪರ್ತ್ ಊರಿನಲ್ಲಿ ಕೂಡಿದ ಬೋಧಕರ ಮುಂದೆ 118ನೆಯ ಕೀರ್ತನೆಯಲ್ಲಿ ಮನೆ ಕಟ್ಟುವವರು ಬೇಡವೆಂದು ಬಿಟ್ಟ ಕಲ್ಲಿನ ವಿಷಯವಾಗಿ ಪ್ರಸಂಗಿಸಿ, ಈ ತೀರ್ಮಾನವು ಕ್ರಿಸ್ತನ ಅಧಿಕಾರಕ್ಕೆ ವಿರೋಧವೆಂದು ತಿಳಿಸಿದರು. ಬೋಧಕರು ಅವರ ಮೇಲೆ ತಪ್ಪು ಹೊರಿಸಿದರು. ಮಹಾಸಭೆಯೂ ಅದನ್ನೇ ಸ್ಥಿರಪಡಿಸಿತು. ಅವರೂ, ಅವರ ಪಕ್ಷದ ವಿಲ್ಸನ್, ಮಾಂಕ್ರೀಫ್, ಫಿಷರ್ ಎಂಬ ಮೂವರೂ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಆದಕಾರಣ ತಮ್ಮ ಸಭೆಗಳಿಂದ ಬೇರ್ಪಡಿಸಲ್ಪಟ್ಟರು. 1733ನೇ ದಶಂಬರ 5ರಲ್ಲಿ ಈ ನಾಲ್ವರು ಗೇರ್ನಿ ಸೇತುವೆಯ ಬಳಿಯಲ್ಲಿ ಕೂಡಿ ಪ್ರಾರ್ಥಿಸಿ ಪ್ರತ್ಯೇಕ ಸಭಾಮಂಡಲಿಯನ್ನು ಸ್ಥಾಪಿಸಿದರು. 1740ರಲ್ಲಿ ಮಹಾಸಭೆಯು ಅವರನ್ನು ಉದ್ಯೋಗದಿಂದಲೇ ತೆಗೆದುಬಿಟ್ಟಿತು. ಮುಂದಿನ ಭಾನುವಾರ ಅಯ್ಯನವರು ಬಂದು ನೋಡಿದರೆ ದೇವಾಲಯದ ಬಾಗಲಿಗೆ ಬೀಗ. ಜನರು ಒಡೆಯಬೇಕೆಂದಿದ್ದರು, ಅವರು ಬೇಡವೆಂದು ತಡೆದು, ಎಲ್ಲರನ್ನು ಬೈಲಿಗೆ ಕರಕೊಂಡುಹೋಗಿ ಆರಾಧನೆ ನಡಿಸಿದರು. ತಂದೆಗೆ ಆದಂತೆಯೇ ಮಗನಿಗೂ, 60ನೆಯ ವಯಸ್ಸಿನಲ್ಲಿ.

ಅವರಲ್ಲಿ ಕುಂದಿರಲಿಲ್ಲವೆಂದು ನಾವು ಬರೆಯಲಾರೆವು. 1741ರಲ್ಲಿ ಜಾರ್ಜ್ ವೈಟ್‌ಫೀಲ್ಡರು ಸ್ಕಾಟ್ಲೆಂಡಿಗೆ ಬಂದಾಗ, ತಮ್ಮ ಮಂಡಲಿಗೆ ಮಾತ್ರ ಪ್ರಸಂಗಿಸಬೇಕೆಂದು ಈ ಸಹೋದರರು ಹಟಹಿಡಿದರು. ಅವರು ಒಪ್ಪದಿರಲು, ಮರುವರುಷ ಕೇಂಬಸ್‌ಲಾಂಗಿನಲ್ಲಿ ಉಂಟಾದ ಉಜ್ಜೀವನವನ್ನೂ ಈ ಮಂಡಲಿಯವರು ಜರೆದರು. ಬೀಗ ಹಾಕಿಸಿಕೊಂಡವರು ತಾವೂ ಒಂದು ಬೀಗವನ್ನು ಮಾಡಿಕೊಂಡಂತಾಯಿತು. 1747ರಲ್ಲಿ ಪಟ್ಟಣದ ಪೌರರು ಇಡಬೇಕಾದ ಒಂದು ಆಣೆಯ ವಿಷಯವಾಗಿ ಆ ಚಿಕ್ಕ ಮಂಡಲಿಯೂ ಎರಡಾಗಿ ಸೀಳಿತು. ಆಣೆಯನ್ನು ವಿರೋಧಿಸಿದ ಪಕ್ಷದವರು ಮುದುಕರಾದ ಎರ್ಸ್ಕಿನರನ್ನು ಸಭೆಯಿಂದ ಬಹಿಷ್ಕರಿಸಿದರು. ಅವರ ಮಗಳ ಗಂಡನಾದ ಜೇಮ್ಸ್ ಸ್ಕಾಟನು ಆ ಪಕ್ಷದ ಬೋಧಕನು. ಗಂಡನೂ ತಂದೆಗೆ ವಿರೋಧವಾಗಿ ಮತಕೊಟ್ಟನೆಂದು ಕೇಳಿದ ಮಗಳು, ಹೆಂಡತಿಯಾಗಿ ನಿನ್ನೊಡನೆ ಬಾಳುವೆನು, ಆದರೆ ನಿನ್ನ ಪ್ರಸಂಗ ಕೇಳಲು ಬಾರೆನೆಂದು ತಿಳಿಸಿ, ಭಾನುವಾರಗಳಲ್ಲಿ ತಂದೆಯ ಪಕ್ಷದ ಸಭೆಗೆ ಹೋಗುತ್ತಿದ್ದಳೆಂದು ಹೇಳುತ್ತಾರೆ.

ತಮ್ಮನು 1752ರಲ್ಲಿ ತೀರಿಹೋದನು. ಅಯ್ಯನವರು 1754ನೇ ಜೂನ್ 2ರಲ್ಲಿ ತೀರಿಹೋಗಿ ಸ್ಟರ್ಲಿಂಗಿನಲ್ಲಿ ತಮ್ಮ ಸಭಾಮಂದಿರದೊಳಗೇ ಹೂಣಲ್ಪಟ್ಟರು. ಸೀಳಿದ ಸಭೆಗಳು 1820ರಲ್ಲಿಯೂ, 1847 ಮತ್ತು 1900ರಲ್ಲಿಯೂ ಒಂದೊಂದಾಗಿ ಕೂಡಿಕೊಳ್ಳುತ್ತಾ, ಅವರ ಸಂತತಿಯ ಹೆಚ್ಚಿನ ಪಾಲು 1929ರಲ್ಲಿ ಸ್ಕಾಟ್ಲೆಂಡಿನ ಮಹಾಸಭೆಯೊಡನೆಯೇ ಐಕ್ಯವಾಯಿತು.

ಹೆಸರಿನ ಮಾತಿಗೆ ಬರೋಣ. 1843ರಲ್ಲಿ ಡಿಕನ್ಸ್ ಎಂಬ ಗ್ರಂಥಕರ್ತನು ತನ್ನ ಕ್ರಿಸ್ಮಸ್ ಕಥೆಯ ಜಿಪುಣನಿಗೆ ಎಬೆನೆಜರ್ ಎಂಬ ಹೆಸರಿಟ್ಟದ್ದರಿಂದ ಇಂಗ್ಲಿಷರ ಕಿವಿಗೆ ಅದು ಸ್ವಲ್ಪ ಕೆಟ್ಟಿದೆ. ನಮ್ಮ ದಕ್ಷಿಣದೇಶದ ಸಭೆಗಳಿಗೆ ಆ ಕಳಂಕ ಮುಟ್ಟಲಿಲ್ಲ. ಈ ಹೆಸರನ್ನು ಬಯಸಿ ಬರುವ ತಂದೆತಾಯಿಗಳಿಗೆ ನಾವು ಅಡ್ಡಿಹೇಳುವದಿಲ್ಲ. ಸಮುವೇಲನ ಮೊದಲನೆಯ ಪುಸ್ತಕದ 7ನೆಯ ಅಧ್ಯಾಯವನ್ನು ಅವರಿಂದ ಓದಿಸುತ್ತೇವೆ. ಅದಕ್ಕೆ ಮುಂಚೆ 4ನೆಯದನ್ನೂ ಓದಿಸುತ್ತೇವೆ.